ಅಳತೆಗೋಲಿಲ್ಲದ ಹಳ್ಳದ ಬೇಸಿಗೆ ನೀರು: ಯಾವ ಲೆಕ್ಕ ಯಾರಿಗೆ?

ಕಳೆದ ಬೇಸಿಗೆಯಲ್ಲಿ ಮೂವರು ನನ್ನ ಹತ್ತಿರ ಹೆಚ್ಚುಕಡಿಮೆ ಒಂದೇ ಪ್ರಶ್ನೆ ತಂದರು. ಹಾನಗಲ್ಲ ತಾಲೂಕಿನ ಪಂಚಾಯಿತಿ ಸದಸ್ಯೆಯೊಬ್ಬರಿಗೆ ಊರ ಪಕ್ಕದ ಹಳ್ಳದಿಂದ ಕುಡಿಯುವ ನೀರು ಎತ್ತಬಹುದೇ ಎಂದು ತಿಳಿಯಬೇಕಿತ್ತು. ನವಲಗುಂದ ಕಡೆಯ ರೈತರೊಬ್ಬರು ಐದಾರು ಮನೆಯವರನ್ನು ಕೂಡಿಸಿಕೊಂಡು, ಹಿಂಗಾರಿ ಕಡಲೆಗೆ ಒಂದೆರಡು ಸಲ ಕೊಡುವಷ್ಟಾದರೂ ನೀರು ಹಳ್ಳದಲ್ಲಿ ಉಳಿಯುತ್ತದೆಯೇ ಎಂದು ಕೇಳಿದರು. "ಸಾಹೇಬರೇ, ಪಂಪಿಗೆ ಸಾಲ ಮಾಡುವ ಮೊದಲು ಒಂದು ಮಾತು ಹೇಳಿಬಿಡಿ" ಎಂದರು. ಮೂರನೆಯವಳು ಧಾರವಾಡದಲ್ಲಿ ಎಂ.ಟೆಕ್. ಓದುತ್ತಿರುವ ಹುಡುಗಿ. ಬೆಣ್ಣೆಹಳ್ಳಕ್ಕೆ ಸೇರುವ ಒಂದು ಚಿಕ್ಕ ಹಳ್ಳದ ಕನಿಷ್ಠ ಹರಿವನ್ನು ಅಂದಾಜು ಮಾಡಲು ನಾಲ್ಕು ವಿಧಾನ ಹಿಡಿದಿದ್ದಳು. ನಾಲ್ಕೂ ನಾಲ್ಕು ಉತ್ತರ ಕೊಟ್ಟು ಅವಳನ್ನು ಕಂಗಾಲಾಗಿಸಿದ್ದವು.

ಮೂರೂ ಹಳ್ಳಗಳಿಗೆ ಮಾಪನ ಕೇಂದ್ರವಿಲ್ಲ. ಕೇಂದ್ರ ಜಲ ಆಯೋಗವು ವರದೆಯನ್ನು ಮರೋಳದಲ್ಲಿ, ಕುಮುದ್ವತಿಯನ್ನು ಕುಪ್ಪೇಲೂರಿನಲ್ಲಿ, ಮಲಪ್ರಭೆಯನ್ನು ಚೊಳಚಗುಡ್ಡದಲ್ಲಿ ಅಳೆಯುತ್ತದೆ. ಅವೆಲ್ಲ ದೊಡ್ಡ ನೀರು. ಊರಿನ ಹಿತ್ತಲಲ್ಲಿ ಹರಿಯುವ ಹಳ್ಳದ ಲೆಕ್ಕ ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ಇದು ನಮ್ಮ ಕಡೆಯ ಕೊರತೆ ಮಾತ್ರವಲ್ಲ. ಅಳತೆಯಿಲ್ಲದ ಜಲಾನಯನಗಳ (ಒಂದು ಹಳ್ಳಕ್ಕೋ ನದಿಗೋ ನೀರು ಹರಿದು ಬರುವ ಇಡೀ ನೆಲ) ಹರಿವನ್ನು ಊಹಿಸುವುದು ಹೇಗೆ ಎಂಬ ಒಂದೇ ಪ್ರಶ್ನೆಗೆ ಜಗತ್ತಿನ ಜಲವಿಜ್ಞಾನಿಗಳು 2003ರಿಂದ 2012ರವರೆಗೆ ಇಡೀ ಒಂದು ದಶಕವನ್ನು ಮೀಸಲಿಟ್ಟಿದ್ದರು. ಅದರಲ್ಲಿಯೂ ಪ್ರವಾಹಕ್ಕಿಂತ ಬೇಸಿಗೆಯ ಹರಿವು ಕಷ್ಟ. ಮಹಾಪೂರ ಬಂದು ಹೋದರೆ ಗುಡಿಯ ಗೋಡೆಯ ಮೇಲೆ ಗುರುತು ಉಳಿಯುತ್ತದೆ. ನೀರು ಸೊರಗಿ ನಿಂತ ದಿನ ಯಾವ ಗುರುತನ್ನೂ ಬಿಡುವುದಿಲ್ಲ.

ವಿಧಾನಗಳನ್ನು ತೂಗುವ ಮೊದಲು ತಕ್ಕಡಿ ಯಾವುದು ಎಂದು ಗೊತ್ತು ಮಾಡಿಕೊಳ್ಳಬೇಕು. ನಾನು ಐದು ಸಂಗತಿ ಕೇಳುತ್ತೇನೆ.

ಮೊದಲನೆಯದು, ನಿಮಗೆ ಬೇಕಾದ ಸಂಖ್ಯೆ ಯಾವುದು? ಪುಸ್ತಕಗಳಲ್ಲಿ ಎರಡು ಮಾನಗಳು ಹೆಚ್ಚು ಕಾಣುತ್ತವೆ. ಒಂದು, ಹತ್ತು ವರ್ಷಕ್ಕೊಮ್ಮೆ ಬರಬಹುದಾದ, ಸತತ ಏಳು ದಿನಗಳ ಸರಾಸರಿಯ ಅತಿ ಕಡಿಮೆ ಹರಿವು. ಇನ್ನೊಂದು, ನೂರಕ್ಕೆ 95 ದಿನ ಇದ್ದೇ ಇರುವ ಹರಿವು; ಎಂದರೆ ವರ್ಷದಲ್ಲಿ ಸುಮಾರು 347 ದಿನ ಹರಿವು ಅಷ್ಟಾದರೂ ಇರುತ್ತದೆ, ಹದಿನೆಂಟು ದಿನ ಅದಕ್ಕಿಂತ ಕೆಳಗಿಳಿಯುತ್ತದೆ. ಇವೆರಡೂ ವರ್ಷವಿಡೀ ಹರಿಯುವ ನದಿಗೆ ಸರಿ. ಮಾರ್ಚ್‌ನಲ್ಲಿ ಬತ್ತಿ ಜೂನ್‌ನಲ್ಲಿ ಹುಟ್ಟುವ ನಮ್ಮ ಎರೆಭೂಮಿಯ ಹಳ್ಳಕ್ಕೆ ಎರಡರ ಉತ್ತರವೂ ಸೊನ್ನೆ. ಅಂಥ ಹಳ್ಳದಲ್ಲಿ ಎಷ್ಟು ನೀರು ಎನ್ನುವುದಕ್ಕಿಂತ ಯಾವ ತಾರೀಖಿನವರೆಗೆ ನೀರು ಎಂದು ಕೇಳಬೇಕು. ನವಲಗುಂದದ ರೈತರಿಗೆ ಬೇಕಾದದ್ದು ಇದೇ. ಅವರ ಕಡಲೆಗೆ ನೀರು ಬೇಕಾಗುವುದು ನವೆಂಬರ್‌ನಿಂದ ಜನವರಿಯ ನಡುವೆ. ಏಪ್ರಿಲ್‌ನಲ್ಲಿ ಹಳ್ಳ ಒಣಗಿದರೆ ಅವರಿಗೆ ನಷ್ಟವೇನೂ ಇಲ್ಲ. ವರ್ಷದ ಕನಿಷ್ಠ ಹರಿವನ್ನು ಲೆಕ್ಕ ಹಾಕಿ "ನೀರಿಲ್ಲ" ಎಂದು ಅವರನ್ನು ವಾಪಸು ಕಳಿಸಿದರೆ ಅನ್ಯಾಯವಾಗುತ್ತದೆ.

ಎರಡನೆಯದು, ಅಂದಾಜು ತಪ್ಪಿದರೆ ಪೆಟ್ಟು ಯಾರಿಗೆ? ವಿದ್ಯಾರ್ಥಿನಿಯ ಲೆಕ್ಕ ತಪ್ಪಿದರೆ ಅಧ್ಯಾಯವೊಂದನ್ನು ಮತ್ತೆ ಬರೆಯಬೇಕಾಗುತ್ತದೆ. ಪಂಚಾಯಿತಿಯ ಲೆಕ್ಕ ತಪ್ಪಿದರೆ ಏಪ್ರಿಲ್ ಬಿಸಿಲಿನಲ್ಲಿ ಹೆಣ್ಣುಮಕ್ಕಳು ಕೊಡ ಹಿಡಿದು ಟ್ಯಾಂಕರಿಗೆ ಕಾಯುತ್ತಾರೆ.

ಮೂರನೆಯದು, ನಿಮ್ಮ ಹಳ್ಳವನ್ನು ಹೋಲುವ, ಅಳತೆಯಿರುವ ನದಿ ಹತ್ತಿರ ಇದೆಯೇ? ಬೇಸಿಗೆಯ ನೀರು ಆ ತಿಂಗಳ ಮಳೆಯಿಂದ ಬರುವುದಲ್ಲ, ನೆಲ ಕುಡಿದಿಟ್ಟುಕೊಂಡದ್ದು ಮೆಲ್ಲಗೆ ಒಸರುವುದು. ಆದ್ದರಿಂದ ಹೋಲಿಕೆ ಎಂದರೆ ಮಳೆಯ ಹೋಲಿಕೆಗಿಂತ ಮಣ್ಣು ಮತ್ತು ಕಲ್ಲಿನ ಹೋಲಿಕೆ. ನಾಲ್ಕನೆಯದು, ಮೇಲ್ಭಾಗದಲ್ಲಿ ಮನುಷ್ಯನ ಕೈ ಎಷ್ಟಿದೆ? ಬಾಂದಾರ, ಪಂಪ್‌ಸೆಟ್, ಊರಿನ ಗಟಾರ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಐದನೆಯದು, ನಿಮ್ಮ ಕೈಯಲ್ಲಿ ಒಂದು ಪೂರ್ತಿ ಬೇಸಿಗೆ ಇದೆಯೇ ಅಥವಾ ವರದಿ ಮುಂದಿನ ಸೋಮವಾರಕ್ಕೇ ಬೇಕೇ? ಹಣಕ್ಕಿಂತ ಇದು ಹೆಚ್ಚಿನದು. ಮುಂದೆ ನೋಡುವಂತೆ, ಒಳ್ಳೆಯ ವಿಧಾನ ಕೇಳುವುದು ದುಡ್ಡನ್ನಲ್ಲ, ತಾಳ್ಮೆಯನ್ನು.

ಈಗ ವಿಧಾನಗಳಿಗೆ ಬರೋಣ.

ಎಲ್ಲರೂ ಮೊದಲು ಕೈಹಾಕುವುದು ಕ್ಷೇತ್ರದ ಅನುಪಾತಕ್ಕೆ. ಅಳತೆಯಿರುವ ನದಿಯ ಜಲಾನಯನ ಇಷ್ಟು ಚದರ ಕಿಲೋಮೀಟರ್, ನಮ್ಮ ಹಳ್ಳದ್ದು ಅಷ್ಟು. ಹರಿವನ್ನೂ ಅದೇ ಪ್ರಮಾಣದಲ್ಲಿ ಇಳಿಸಿಕೊಳ್ಳುವುದು. ಅರ್ಧ ಗಂಟೆಯ ಕೆಲಸ, ಖರ್ಚಿಲ್ಲ. ಕೃಷ್ಣಾ ಕೊಳ್ಳದ ಕೇಂದ್ರಗಳ ಹಿಂದಿನ ವರ್ಷಗಳ ಹರಿವು ಕೇಂದ್ರ ಸರ್ಕಾರದ ಜಲ ಮಾಹಿತಿ ತಾಣವಾದ ಇಂಡಿಯಾ-ಡಬ್ಲ್ಯುಆರ್‌ಐಎಸ್‌ನಲ್ಲಿ ಸಿಗುತ್ತದೆ. ಒಂದೇ ನದಿಯ ಮೇಲೆ, ಕೇಂದ್ರದಿಂದ ತುಸು ಮೇಲೆ ಅಥವಾ ತುಸು ಕೆಳಗೆ ನಿಮ್ಮ ಜಾಗವಿದ್ದು, ಎರಡರ ಕ್ಷೇತ್ರದ ಅನುಪಾತ ಅರ್ಧದಿಂದ ಒಂದೂವರೆಯ ಒಳಗಿದ್ದರೆ ಈ ವಿಧಾನವನ್ನು ನಂಬಬಹುದು. ಅದರಾಚೆ ನಾನು ನಂಬುವುದಿಲ್ಲ, ನಮ್ಮ ಭಾಗದಲ್ಲಂತೂ ಖಂಡಿತ ನಂಬುವುದಿಲ್ಲ.

ಏಕೆಂದು ಹೇಳುತ್ತೇನೆ. ಮರೋಳದ ಕೇಂದ್ರ ಸುಮಾರು ಐದು ಸಾವಿರ ಚದರ ಕಿಲೋಮೀಟರಿನ ನೀರನ್ನು ಅಳೆಯುತ್ತದೆ. ಆ ನೀರು ಎಲ್ಲಿಯದು? ವರದೆ ಹುಟ್ಟುವುದು ಸಾಗರದ ಬಳಿಯ ವರದಾಮೂಲದಲ್ಲಿ. ಸೊರಬ, ಬನವಾಸಿಯ ಮಲೆನಾಡು ದಾಟಿ ಹಾವೇರಿಯ ಬಯಲಿಗೆ ಇಳಿಯುತ್ತಾಳೆ. ಬೇಸಿಗೆಯಲ್ಲಿ ಮರೋಳದಲ್ಲಿ ಕಾಣುವ ನೀರಿನ ಬಹುಪಾಲು ಆ ಕಾಡು ಗುಡ್ಡಗಳ ಒಡಲಿನದು. ಈಗ ಸವಣೂರು ಕಡೆ ನೂರು ಚದರ ಕಿಲೋಮೀಟರಿನ ಒಂದು ಹಳ್ಳ ತೆಗೆದುಕೊಳ್ಳಿ. ಅನುಪಾತ ಐವತ್ತಕ್ಕೆ ಒಂದು. ಮರೋಳದ ಹರಿವನ್ನು ಐವತ್ತರಿಂದ ಭಾಗಿಸಿದರೆ, ಸಾಗರದ ಮಳೆಯ ನೀರನ್ನು ಸವಣೂರಿನ ಎರೆಹೊಲದಲ್ಲಿ ತಂದು ಸುರಿದಂತಾಗುತ್ತದೆ. ಕಾಗದದ ಮೇಲೆ ಹಳ್ಳ ಹರಿಯುತ್ತದೆ, ನೆಲದ ಮೇಲೆ ಹರಿಯುವುದಿಲ್ಲ.

ಇಂಥ ಲೆಕ್ಕವನ್ನು ನಂಬಿ ಕಟ್ಟಿದ ಏತವೊಂದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಊರಿನ ಹೆಸರು ಬೇಡ. ಪಂಪ್‌ಹೌಸಿನ ಗೋಡೆಗೆ ಬಳಿದ ಹಳದಿ ಬಣ್ಣ ಇನ್ನೂ ಹೊಸದು, ಒಳಗೆ ಮೋಟಾರಿಗೆ ಹೊದಿಸಿದ ಪ್ಲಾಸ್ಟಿಕ್ ಕೂಡ ಪೂರ್ತಿ ತೆಗೆದಿರಲಿಲ್ಲ. ಜನವರಿಯ ಕೊನೆಯ ವಾರ. ಪೈಪಿನ ಕಾಲು ಕವಾಟ ಒಡೆದ ಕೆಸರಿನ ಮೇಲೆ ತೂಗುತ್ತಿತ್ತು. ಪಕ್ಕದಲ್ಲಿ ಒಬ್ಬ ಮುದುಕ ಕುರಿಗಳಿಗೆಂದು ಮರಳಲ್ಲಿ ಒರತೆ ತೋಡುತ್ತಿದ್ದ. ಮೊಳಕೈಯವರೆಗೆ ಕೈ ಇಳಿಸಿದ ಮೇಲೆ ನೀರು ಸಿಕ್ಕಿತು. "ಈ ಹಳ್ಳ ಎಳ್ಳ ಅಮಾವಾಸ್ಯೆ ದಾಟಿ ಹರಿದದ್ದನ್ನು ನಾನು ನೋಡಿಯೇ ಇಲ್ಲ" ಎಂದ. ಯೋಜನೆ ಮಾಡಿದವರು ಅವನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಅಂದಿನಿಂದ ನಾನು ಯಾವ ಸೂತ್ರದ ಮುಂದೆ ಕುಳಿತರೂ ಆ ಒರತೆ ಕಣ್ಣ ಮುಂದೆ ಬರುತ್ತದೆ.

ಎರಡನೆಯ ಆಯ್ಕೆ ಪ್ರಾದೇಶಿಕ ಸಮೀಕರಣ. ಅಳತೆಯಿರುವ ಹಲವು ನದಿಗಳ ಕನಿಷ್ಠ ಹರಿವನ್ನು ಅವುಗಳ ಕ್ಷೇತ್ರ, ಮಳೆ, ಇಳಿಜಾರು, ನೆಲದ ಗುಣಕ್ಕೆ ಹೊಂದಿಸಿ ಒಂದು ಸೂತ್ರ ಕಟ್ಟುತ್ತಾರೆ. ಅಳತೆಯಿಲ್ಲದ ಹಳ್ಳದ ಗುಣಗಳನ್ನು ಅದರಲ್ಲಿ ಹಾಕಿದರೆ ಉತ್ತರ ಬರುತ್ತದೆ. ಅಮೆರಿಕ, ಬ್ರಿಟನ್ನುಗಳಲ್ಲಿ ಚಿಕ್ಕ ಹೊಳೆಗಳ ಮೇಲೆಯೂ ನೂರಾರು ಕೇಂದ್ರಗಳಿರುವುದರಿಂದ ಅಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಅಮೆರಿಕದಲ್ಲಿ ನಕ್ಷೆಯ ಮೇಲೆ ಬೆರಳಿಟ್ಟರೆ ಅಂದಾಜು ಕೊಡುವ ಸರ್ಕಾರಿ ವ್ಯವಸ್ಥೆಯೇ ಇದೆ. ನಮ್ಮಲ್ಲಿ ಸೂತ್ರ ಕಟ್ಟಲು ಬೇಕಾದ ಚಿಕ್ಕ ಹಳ್ಳಗಳ ಅಳತೆಯೇ ಇಲ್ಲ. ಬೆರಳೆಣಿಕೆಯ ದೊಡ್ಡ ನದಿಗಳಿಂದ ಕಟ್ಟಿದ ಸೂತ್ರವನ್ನು ಹಳ್ಳಕ್ಕೆ ಹಚ್ಚಿದರೆ ಅದು ಕ್ಷೇತ್ರದ ಅನುಪಾತವೇ, ಅಂಗಿ ಮಾತ್ರ ಬೇರೆ. ಇನ್ನೊಂದು ತೊಡಕು: ಇವು ಬಹುಪಾಲು ಲಾಗರಿದಮ್ ಲೆಕ್ಕದವು. ಸೊನ್ನೆಗೆ ಲಾಗರಿದಮ್ ಇಲ್ಲ. ಬತ್ತುವ ಹಳ್ಳವನ್ನು ಈ ಸೂತ್ರ ನೇರವಾಗಿ ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಮೂರನೆಯದು ಗಣಕ ಮಾದರಿ. ಸ್ವಾಟ್ ಎಂಬ ಮಾದರಿ ನಮ್ಮ ಕಾಲೇಜುಗಳಲ್ಲಿ ಬಹಳ ಬಳಕೆಯಲ್ಲಿದೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಭೂಮಿಯ ಏರಿಳಿತದ ನಕ್ಷೆ, ಮಣ್ಣಿನ ನಕ್ಷೆ, ಬೆಳೆ ನಕ್ಷೆ, ದಿನದ ಮಳೆ ಕೊಟ್ಟರೆ ದಿನದಿನದ ಹರಿವು ಕೊಡುತ್ತದೆ. ಹವಾಮಾನ ಇಲಾಖೆಯ ಕಾಲು ಡಿಗ್ರಿ ಚೌಕದ ಮಳೆಯ ದತ್ತಾಂಶ ಸಿಗುತ್ತದೆ. ಆದರೆ ಕಾಲು ಡಿಗ್ರಿ ಎಂದರೆ ಸುಮಾರು ಇಪ್ಪತ್ತೇಳು ಕಿಲೋಮೀಟರ್. ಧಾರವಾಡದಿಂದ ಕಲಘಟಗಿಗೆ ಹೋಗುವಷ್ಟರಲ್ಲಿ ಮಳೆಯ ಸ್ವಭಾವವೇ ಬದಲಾಗುವ ನಾಡಿನಲ್ಲಿ ಅದು ದೊಡ್ಡ ಜರಡಿ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅಳೆಯುವ ಮಳೆ ಸಿಕ್ಕರೆ ಅದನ್ನೇ ಹಾಕಿ.

ಮಾದರಿಯಿಂದ ಸಿಗುವ ದೊಡ್ಡ ಲಾಭ, "ಹೀಗಾದರೆ?" ಎಂದು ಕೇಳಬಹುದು. ಮೇಲೆ ಇನ್ನೂ ಮೂರು ಬಾಂದಾರ ಕಟ್ಟಿದರೆ? ಜೋಳ ಬಿಟ್ಟು ಕಬ್ಬು ಹಾಕಿದರೆ? ಬೇರೆ ಯಾವ ವಿಧಾನವೂ ಇದಕ್ಕೆ ಉತ್ತರ ಕೊಡುವುದಿಲ್ಲ. ಬೇಡ್ತಿ–ವರದಾ ನದಿ ಜೋಡಣೆಯಂಥ ವಿವಾದದಲ್ಲಿ, ಘಟ್ಟದವರೂ ಬಯಲಿನವರೂ ಒಂದೇ ನೀರಿನ ಬಗ್ಗೆ ವಾದಿಸುವಾಗ, ಇಂಥ ಲೆಕ್ಕವಿಲ್ಲದೆ ಮಾತು ಮುಂದೆ ಹೋಗುವುದೂ ಇಲ್ಲ. ಆದರೆ ಕನಿಷ್ಠ ಹರಿವಿಗೆ ಮಾದರಿಯೊಂದನ್ನೇ ನೆಚ್ಚಿಕೊಳ್ಳುವುದು ಬೇಡ. ಮಾದರಿಯ ಹರಿವು ಅಳೆದ ಹರಿವಿಗೆ ಎಷ್ಟು ಹೊಂದುತ್ತದೆ ಎಂದು ನೋಡಲು ಸಾಮಾನ್ಯವಾಗಿ ಬಳಸುವ ನ್ಯಾಶ್–ಸಟ್‌ಕ್ಲಿಫ್ ಅಂಕ ದೊಡ್ಡ ಹರಿವಿನ ತಪ್ಪುಗಳಿಗೆ ಹೆಚ್ಚು ತೂಕ ಕೊಡುತ್ತದೆ. ಆಗಸ್ಟ್‌ನ ಮಹಾಪೂರವನ್ನು ಸರಿಯಾಗಿ ಹಿಡಿದ ಮಾದರಿಗೆ ಒಳ್ಳೆಯ ಅಂಕ ಬೀಳುತ್ತದೆ. ಅದೇ ಮಾದರಿ ಮಾರ್ಚ್‌ನಲ್ಲಿ ಮೂರು ಪಟ್ಟು ನೀರು ತೋರಿಸುತ್ತಿದ್ದರೂ ಅಂಕ ಅಲುಗುವುದಿಲ್ಲ. ವಿದ್ಯಾರ್ಥಿನಿಗೆ ನಾನು ಹೇಳಿದ ಮೊದಲ ಮಾತು ಇದು: ಹರಿವಿನ ಲಾಗರಿದಮ್ ತೆಗೆದು ಅದೇ ಅಂಕವನ್ನು ಮತ್ತೆ ಲೆಕ್ಕ ಹಾಕು, ಆಗ ಸಣ್ಣ ಹರಿವಿನ ತಪ್ಪಿಗೂ ತೂಕ ಬರುತ್ತದೆ. ಹಾಕಿದಳು. ಅವಳ "ಉತ್ತಮ" ಮಾದರಿ ಅಲ್ಲಿಯೇ ಕುಸಿಯಿತು. ಬೇಸರಪಟ್ಟಳು, ಆದರೆ ನಾಲ್ಕು ಉತ್ತರಗಳಲ್ಲಿ ಒಂದು ಏಕೆ ಬೇರೆಯಾಗಿತ್ತು ಎಂಬುದು ಅವತ್ತೇ ಗೊತ್ತಾಯಿತು.

ಇನ್ನು ನನ್ನ ಆಯ್ಕೆ. ಇದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಏಕೆಂದರೆ ಇದನ್ನು ಮಾಡುವವರು ಕಡಿಮೆ, ಮಾಡಿದರೆ ಫಲ ಹೆಚ್ಚು.

ಹಳ್ಳವನ್ನು ವರ್ಷಗಟ್ಟಲೆ ಅಳೆಯಲು ಆಗುವುದಿಲ್ಲ, ಸರಿ. ಒಂದೆರಡು ಬೇಸಿಗೆಯಲ್ಲಿ ಎಂಟು ಹತ್ತು ಸಲ ಅಳೆಯಬಹುದು. ಮಳೆ ನಿಂತು ಕನಿಷ್ಠ ಒಂದು ವಾರ ಕಳೆದ ಮೇಲೆ, ಬೇರೆಬೇರೆ ತಿಂಗಳಲ್ಲಿ. ಅದೇ ದಿನಗಳಲ್ಲಿ ಹೋಲುವ ನದಿಯ ಮಾಪನ ಕೇಂದ್ರದಲ್ಲಿ ಎಷ್ಟು ಹರಿವಿತ್ತು ಎಂದು ಆಮೇಲೆ ತೆಗೆದುಕೊಳ್ಳಿ. ಲಾಗ್ ಹಾಳೆಯ (ಪ್ರತಿ ಹತ್ತು ಪಟ್ಟು ಏರಿಕೆಗೂ ಒಂದೇ ಅಳತೆಯ ಜಾಗ ಕೊಡುವ ಹಾಳೆ) ಮೇಲೆ ಒಂದು ಅಕ್ಷಕ್ಕೆ ಕೇಂದ್ರ, ಇನ್ನೊಂದಕ್ಕೆ ನಿಮ್ಮ ಹಳ್ಳ. ಚುಕ್ಕೆಗಳು ಒಂದು ಗೆರೆಯ ಸುತ್ತ ಬಂದರೆ ಎರಡೂ ಒಂದೇ ಲಯದಲ್ಲಿ ಇಳಿಯುತ್ತವೆ ಎಂದರ್ಥ. ಕೇಂದ್ರದ ಹಲವು ವರ್ಷಗಳ ದಾಖಲೆಯಿಂದ ಅಲ್ಲಿನ ಏಳು ದಿನ–ಹತ್ತು ವರ್ಷದ ಹರಿವನ್ನು ಲೆಕ್ಕ ಹಾಕಿ, ಆ ಗೆರೆಯ ಮೇಲಿಂದ ನಿಮ್ಮ ಹಳ್ಳದ್ದನ್ನು ಓದಿಕೊಳ್ಳಿ. ಕ್ಷೇತ್ರದ ಅನುಪಾತ ಊಹಿಸುವ ಸಂಬಂಧವನ್ನು ಇಲ್ಲಿ ನೀವು ಕಣ್ಣಿನಿಂದ ನೋಡುತ್ತೀರಿ. ವ್ಯತ್ಯಾಸ ಅಷ್ಟೇ, ಆದರೆ ಅದರಲ್ಲಿಯೇ ಎಲ್ಲವೂ ಇದೆ. ಚುಕ್ಕೆಗಳು ಚೆಲ್ಲಾಪಿಲ್ಲಿಯಾದರೆ ಅದೂ ಉತ್ತರವೇ: ಈ ಎರಡು ನೀರಿಗೆ ನಂಟಿಲ್ಲ, ಬೇರೆ ಕೇಂದ್ರ ಹುಡುಕಿ.

ಗೆರೆ ಎಳೆಯುವಾಗ ಒಂದು ಎಚ್ಚರ. ಸಾಮಾನ್ಯ ರಿಗ್ರೆಶನ್ ಗೆರೆ, ಎಂದರೆ ಚುಕ್ಕೆಗಳ ನಡುವೆ ಲೆಕ್ಕ ಹಾಕಿ ಎಳೆಯುವ ಗೆರೆ, ಎರಡೂ ತುದಿಗಳನ್ನು ನಡುವಿಗೆ ಎಳೆಯುತ್ತದೆ. ಅತಿ ಕಡಿಮೆ ಹರಿವು ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. ಏರಿಳಿತವನ್ನು ಹಾಗೆಯೇ ಉಳಿಸಿಕೊಳ್ಳುವ ಗೆರೆಯನ್ನು 1982ರಲ್ಲಿ ಹರ್ಷ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಲೆಕ್ಕ ಸರಳ: ಕೇಂದ್ರದ ಮತ್ತು ಹಳ್ಳದ ಅಳತೆಗಳ ಲಾಗ್ ಸರಾಸರಿ ಮತ್ತು ಮಾನಕ ವಿಚಲನೆ (ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಲೆಕ್ಕ) ತೆಗೆದು, ಗೆರೆಯ ಇಳಿಜಾರಿಗೆ ಆ ವಿಚಲನೆಗಳ ಅನುಪಾತವನ್ನೇ ಇಡುವುದು. ಎಕ್ಸೆಲ್‌ನಲ್ಲಿ ಐದು ನಿಮಿಷ.

ಕೇಂದ್ರದ ಆಯ್ಕೆಯೂ ಎಚ್ಚರದಿಂದ ಆಗಬೇಕು. ನವಿಲುತೀರ್ಥ ಅಣೆಕಟ್ಟಿನ ಕೆಳಗಿರುವ ಚೊಳಚಗುಡ್ಡದಲ್ಲಿ ಬೇಸಿಗೆಯ ಹರಿವು ಗೇಟು ಎತ್ತಿದವರ ನಿರ್ಧಾರವನ್ನೂ ಹೇಳುತ್ತದೆ, ನೆಲದ ಗುಣವನ್ನಷ್ಟೇ ಅಲ್ಲ. ಭದ್ರೆಯ ಅಣೆಕಟ್ಟಿನಿಂದಾಗಿ ತುಂಗಭದ್ರೆಯೂ ಹಾಗೆಯೇ. ಹಾನಗಲ್ಲ, ಶಿಗ್ಗಾವಿಯ ಪಶ್ಚಿಮದ ಹಳ್ಳಗಳಿಗೆ ಮರೋಳವನ್ನು, ಹಿರೇಕೆರೂರು ಕಡೆಗೆ ಕುಪ್ಪೇಲೂರನ್ನು ಮೊದಲು ನೋಡಿ. ಎರೆಭೂಮಿಯ ಹಳ್ಳಗಳಿಗೆ ಒಳ್ಳೆಯ ಜೋಡಿ ಸಿಗುವುದು ಕಷ್ಟ. ಅಲ್ಲಿ ಈ ವಿಧಾನವೂ ಸೋಲಬಹುದು. ಧಾರವಾಡವಿರುವುದೇ ನೀರು ಕವಲೊಡೆಯುವ ಏರಿನ ಮೇಲೆ. ಪಶ್ಚಿಮದ ಮಳೆ ಶಾಲ್ಮಲೆಯಾಗಿ ಬೇಡ್ತಿ ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಪೂರ್ವದ್ದು ತುಪ್ಪರಿಹಳ್ಳ, ಬೆಣ್ಣೆಹಳ್ಳ, ಮಲಪ್ರಭೆಯ ಹಾದಿಯಲ್ಲಿ ಕೃಷ್ಣೆಗೆ. ಏರಿನ ಆಚೆಯ ಕೇಂದ್ರವನ್ನು ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ಈಚೆಯ ಹಳ್ಳಕ್ಕೆ ಜೋಡಿಸಬೇಡಿ.

ಹಳ್ಳವನ್ನು ಅಳೆಯುವುದು ಹೇಗೆ? ಅಗ್ಗದ್ದು ತೇಲು ವಿಧಾನ. ಹತ್ತು ಮೀಟರ್ ನೇರ ಹರಿವು, ಒಂದು ನಿಂಬೆಹಣ್ಣು, ಮೊಬೈಲಿನ ಗಡಿಯಾರ. ಹಳ್ಳದ ಅಗಲ 1.8 ಮೀಟರ್, ಸರಾಸರಿ ಆಳ 12 ಸೆಂಟಿಮೀಟರ್, ಹಣ್ಣು ಹತ್ತು ಮೀಟರ್ ದಾಟಲು 40 ಸೆಕೆಂಡ್ ಎಂದುಕೊಳ್ಳಿ. ವೇಗ ಸೆಕೆಂಡಿಗೆ ಕಾಲು ಮೀಟರ್. ಅಗಲ, ಆಳ, ವೇಗ ಮೂರನ್ನೂ ಗುಣಿಸಿದರೆ ಸೆಕೆಂಡಿಗೆ 54 ಲೀಟರ್. ಆದರೆ ಮೇಲಿನ ನೀರು ತಳದ ನೀರಿಗಿಂತ ವೇಗವಾಗಿ ಓಡುತ್ತದೆ. ಆಳವಾದ ನುಣುಪು ಕಾಲುವೆಯಲ್ಲಿ 0.85ರಿಂದ, ಕಲ್ಲು ತುಂಬಿದ ತೆಳುವಾದ ಹಳ್ಳದಲ್ಲಿ 0.65ರ ಆಸುಪಾಸಿನಿಂದ ಗುಣಿಸಬೇಕು. ಎಂದರೆ 46 ಲೀಟರೂ ಆಗಬಹುದು, 35 ಕೂಡ ಆಗಬಹುದು. ಈ ಅಂತರ ನಿಮಗೆ ನಡೆಯುತ್ತದೆಯೇ ಎಂದು ಕೇಳಿಕೊಳ್ಳಿ.

ನೀರು ಇನ್ನೂ ಸೊರಗಿದಾಗ ತ್ರಿಕೋನ ಕಂಡಿಯೇ ಸರಿ. ತಗಡಿನ ಹಾಳೆಯಲ್ಲಿ 90 ಡಿಗ್ರಿಯ ಕಂಡಿ ಕತ್ತರಿಸಿಕೊಂಡು, ಗೋಣಿಚೀಲ ಮತ್ತು ಎರೆಮಣ್ಣಿನಿಂದ ಹಳ್ಳಕ್ಕೆ ಅಡ್ಡ ನಿಲ್ಲಿಸಿದರೆ ಆಯಿತು. ಕಂಡಿಯ ಕೆಳಮೂಲೆಯಿಂದ ನೀರಿನ ಮಟ್ಟ 10 ಸೆಂಟಿಮೀಟರ್ ಇದ್ದರೆ ಹರಿವು ಸೆಕೆಂಡಿಗೆ ಸುಮಾರು 4.4 ಲೀಟರ್, 15 ಇದ್ದರೆ 12, 20 ಇದ್ದರೆ ಸುಮಾರು 25. ಮಟ್ಟವನ್ನು ಕಂಡಿಯ ಬಾಯಲ್ಲಿ ಅಳೆಯಬೇಡಿ, ಅಲ್ಲಿ ನೀರು ಬಾಗಿರುತ್ತದೆ. ಆ ಎತ್ತರದ ನಾಲ್ಕು ಪಟ್ಟು ಹಿಂದೆ ಗೂಟ ನೆಟ್ಟು ಅಳೆಯಿರಿ. ವೆಲ್ಡಿಂಗ್ ಅಂಗಡಿಯ ಅರ್ಧ ದಿನದ ಕೆಲಸಕ್ಕೆ ಇಷ್ಟು ನಿಖರತೆ ಬೇರೆಲ್ಲಿಯೂ ಸಿಗದು. ಇದರ ಕುಂದು ಒಂದೇ: ವರದೆಯ ಬದಿಯಂಥ ಮರಳುಪಾತ್ರದಲ್ಲಿ ನೀರು ಮರಳಿನ ಒಳಗೂ ಹರಿಯುತ್ತದೆ, ಅದು ಕಂಡಿಗೆ ಕಾಣುವುದಿಲ್ಲ. ಅಲ್ಲಿ ಬಂಡೆ ತಲೆಯೆತ್ತಿದ ಜಾಗ ಹುಡುಕಿ ಕೂರಿಸಬೇಕು.

ಉಪ್ಪು ಕರಗಿಸಿ ನೀರಿನ ವಿದ್ಯುತ್ ವಾಹಕತೆ ಅಳೆಯುವ ವಿಧಾನವೂ ಇದೆ. ಕಲ್ಲುಗಳ ನಡುವೆ ನೊರೆಯಾಗಿ ಇಳಿಯುವ ಮಲೆನಾಡಿನ ಹಳ್ಳಕ್ಕೆ ಅದು ಬಹಳ ಒಳ್ಳೆಯದು. ಮಂದವಾಗಿ ತೆವಳುವ, ಮೊದಲೇ ಸವುಳಾದ ಎರೆಹಳ್ಳದಲ್ಲಿ ಉಪ್ಪು ಬೆರೆಯುವುದೂ ಇಲ್ಲ, ಬೆರೆತದ್ದು ಗೊತ್ತಾಗುವುದೂ ಇಲ್ಲ. ನೀರಿನ ವೇಗ ಅಳೆಯುವ ಕರೆಂಟ್ ಮೀಟರ್ ಸಾಲ ಸಿಕ್ಕರೆ ಬಿಡಬೇಡಿ. ತೆಳುವಾದ ನೀರಿನಲ್ಲಿ ಅದನ್ನು ಮೇಲಿನಿಂದ ಆಳದ ಹತ್ತರಲ್ಲಿ ಆರು ಭಾಗದಲ್ಲಿ ಹಿಡಿಯಬೇಕು.

ಯಾವ ವಿಧಾನವಾದರೂ ಅಳೆಯುವ ಹೊತ್ತು ಮುಖ್ಯ. ಒಂದು ಸಲ ಬೆಳಿಗ್ಗೆ ಏಳಕ್ಕೆ ಕಂಡಿಯಲ್ಲಿ ನೀರು 16 ಸೆಂಟಿಮೀಟರ್ ಇತ್ತು. ಬುತ್ತಿ ಬಿಚ್ಚಿ ರೊಟ್ಟಿ ತಿಂದು ಹನ್ನೊಂದಕ್ಕೆ ಮತ್ತೆ ನೋಡಿದರೆ 9. ಗೂಟ ಕುಸಿಯಿತೇ, ಬದುವಿನಡಿ ಸೋರುತ್ತಿದೆಯೇ ಎಂದು ಹುಡುಕಿದೆವು. ಏನೂ ಇಲ್ಲ. ಮೇಲಿನಿಂದ ಬಂದ ಹುಡುಗನೊಬ್ಬ, "ಎಂಟಕ್ಕೆ ತ್ರೀ ಫೇಸ್ ಕರೆಂಟು ಬಂತಲ್ಲ" ಎಂದ. ದಡದುದ್ದಕ್ಕೂ ಮೋಟಾರುಗಳು ಎದ್ದಿದ್ದವು. ಸೆಂಟಿಮೀಟರಿನಲ್ಲಿ ಅರ್ಧಕ್ಕೆ ಹತ್ತಿರ ಎನಿಸಿದರೂ ನೀರಿನಲ್ಲಿ ಅದು ನಾಲ್ಕನೆಯ ಒಂದು ಪಾಲಿಗೆ ಇಳಿದಂತೆ. ಅಂದಿನಿಂದ ದಿನಕ್ಕೆ ಎರಡು ಸಲ ಅಳೆಯುತ್ತೇನೆ, ಕರೆಂಟಿನ ಸರದಿಯನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಊರಿಗೆ ಸಿಗುವುದು ನಿಸರ್ಗ ಕೊಟ್ಟ ನೀರಲ್ಲ, ಮೇಲಿನವರು ಎತ್ತಿಕೊಂಡು ಉಳಿಸಿದ ನೀರು. ಉಲ್ಟಾ ಉದಾಹರಣೆಯೂ ನಮ್ಮಲ್ಲಿಯೇ ಇದೆ: ಉಣಕಲ್ಲ ನಾಲೆ ಕಡುಬೇಸಿಗೆಯಲ್ಲಿಯೂ ಹರಿಯುತ್ತದೆ, ಅದು ಹುಬ್ಬಳ್ಳಿಯ ಮನೆಗಳು ಬಳಸಿ ಬಿಟ್ಟ ನೀರು. ಅದನ್ನು ಅಳೆದು ನೆಲದ ಒಸರು ಎಂದುಕೊಂಡರೆ ಲೆಕ್ಕವೆಲ್ಲ ಹೊಲಸಾಗುತ್ತದೆ.

ಇದೇ ಕಾರಣಕ್ಕೆ ಕೇಂದ್ರದ ದಾಖಲೆ ನಲವತ್ತು ವರ್ಷದ್ದು ಸಿಕ್ಕಿತೆಂದು ಪೂರ್ತಿ ಬಳಸಬೇಡಿ. ಪಂಪ್‌ಸೆಟ್ಟುಗಳೂ ಬಾಂದಾರಗಳೂ ಕಡಿಮೆಯಿದ್ದ ಕಾಲದ ವರದೆ ಬೇರೆ. ಈಚಿನ ಹದಿನೈದು ಇಪ್ಪತ್ತು ವರ್ಷ ತೆಗೆದುಕೊಂಡು, ರಾಜ್ಯದ 223 ತಾಲೂಕುಗಳು ಬರಪೀಡಿತವೆಂದು ಘೋಷಣೆಯಾದ 2023ರಂಥ ವರ್ಷ ಅದರಲ್ಲಿದೆಯೇ ಎಂದು ನೋಡಿಕೊಳ್ಳಿ.

ಕೊನೆಯ ಆಯ್ಕೆಗೆ ವಿಜ್ಞಾನಿಗಳು ಹೆಚ್ಚು ಮರ್ಯಾದೆ ಕೊಡುವುದಿಲ್ಲ, ನಾನು ಕೊಡುತ್ತೇನೆ: ಊರವರ ನೆನಪು. ಕೇಳುವ ರೀತಿ ಗೊತ್ತಿರಬೇಕು. "ಹಳ್ಳ ಎಂದು ಬತ್ತುತ್ತದೆ?" ಎಂದರೆ "ಬೇಸಿಗೆಯಲ್ಲಿ" ಎಂಬ ಉತ್ತರ ಬರುತ್ತದೆ. ಹಬ್ಬ ಹಿಡಿದು ಕೇಳಬೇಕು. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಹಳ್ಳ ದಾಟುವಾಗ ಕಾಲು ನೆನೆಯುತ್ತಿತ್ತೇ? ಶಿವರಾತ್ರಿಗೆ ಹರಿಯುತ್ತಿತ್ತೇ, ಮಡುವಿನಲ್ಲಿ ನಿಂತಿತ್ತೇ? ಯುಗಾದಿಗೆ ಎತ್ತು ಮೈತೊಳೆದದ್ದು ಎಲ್ಲಿ? ಒರತೆ ಎಷ್ಟು ಆಳಕ್ಕೆ ತೋಡುತ್ತಿದ್ದಿರಿ? ಕುರಿ ಕಾಯುವವರನ್ನು, ಬಟ್ಟೆ ಒಗೆಯುವ ಹೆಂಗಸರನ್ನು ಬೇರೆಬೇರೆಯಾಗಿ ಕೇಳಿದರೆ ಉತ್ತರಗಳು ಅಚ್ಚರಿಯಾಗುವಷ್ಟು ಹೊಂದುತ್ತವೆ. ಲೀಟರಿನ ಲೆಕ್ಕ ಇದರಿಂದ ಬರುವುದಿಲ್ಲ. ಬತ್ತುವ ತಾರೀಖು ಬರುತ್ತದೆ. ಅದನ್ನು ಪರೀಕ್ಷಿಸಲು ಸೆಂಟಿನೆಲ್-2 ಉಪಗ್ರಹದ ಉಚಿತ ಚಿತ್ರಗಳಿವೆ. ಎರಡು ಉಪಗ್ರಹ ಸೇರಿ ಐದು ದಿನಕ್ಕೊಮ್ಮೆ ಚಿತ್ರ, ಅದರ ಒಂದೊಂದು ಚುಕ್ಕೆ ನೆಲದ ಮೇಲೆ ಹತ್ತು ಮೀಟರ್. ಕಿರಿದಾದ ಹಳ್ಳ ಅದರಲ್ಲಿ ಕಾಣದು. ಮಡುಗಳು, ಬಾಂದಾರದ ಹಿಂದಿನ ನೀರು, ಅವು ಯಾವ ವಾರ ಮಾಯವಾದವು ಎಂಬುದು ಕಾಣುತ್ತದೆ.

ಇನ್ನು ಆ ಮೂವರಿಗೆ ಏನು ಹೇಳಿದೆ?

ನವಲಗುಂದದ ರೈತರಿಗೆ ಸೂತ್ರದ ಗೊಡವೆಯೇ ಬೇಡವೆಂದೆ. ಊರವರ ನೆನಪು, ಐದಾರು ವರ್ಷದ ಉಪಗ್ರಹ ಚಿತ್ರ, ಒಂದು ಹಿಂಗಾರಿನಲ್ಲಿ ವಾರಕ್ಕೊಮ್ಮೆ ನಿಂಬೆಹಣ್ಣಿನ ಅಳತೆ, ಇಷ್ಟು ಸಾಕು. ಐದು ಅಶ್ವಶಕ್ತಿಯ ಪಂಪು 20 ಮೀಟರ್ ಎತ್ತರಕ್ಕೆ ಸೆಕೆಂಡಿಗೆ ಹತ್ತು ಲೀಟರ್ ಆಸುಪಾಸಿನಲ್ಲಿ ಎತ್ತುತ್ತದೆ. ಡಿಸೆಂಬರ್ ಮಧ್ಯದಲ್ಲಿ ಹಳ್ಳದಲ್ಲಿ ಅದರ ಎರಡು ಪಟ್ಟಾದರೂ ಇರದಿದ್ದರೆ ಸಾಲ ಮಾಡಬೇಡಿ, ಕೃಷಿ ಹೊಂಡದ ಕಡೆ ನೋಡಿ ಎಂದೆ. ಎರಡು ಪಟ್ಟು ಏಕೆ? ಕೆಳಗಿನ ಊರಿಗೂ ದನಗಳಿವೆ.

ವಿದ್ಯಾರ್ಥಿನಿ ಮಾದರಿಯನ್ನು ಬಿಡಬೇಕಿಲ್ಲ. ಒಂದು ಬೇಸಿಗೆಯ ಹತ್ತು ಅಳತೆಗಳಿಂದ ಅದನ್ನು ತಿದ್ದಿ, ನಾಲ್ಕು ಉತ್ತರಗಳನ್ನು ಒಂದು ಸಂಖ್ಯೆಗೆ ಬಲವಂತದಿಂದ ಇಳಿಸದೆ ಇಷ್ಟರಿಂದ ಇಷ್ಟರೊಳಗೆ ಎಂದು ಬರೆಯಬೇಕು. ಬೆಳಗಾವಿಯಲ್ಲಿ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ, ಧಾರವಾಡದಲ್ಲಿಯೇ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ ವಾಲ್ಮಿ ಇದೆ. ಹೋಗಿ ಕೇಳು ಎಂದೆ.

ಪಂಚಾಯಿತಿ ಸದಸ್ಯೆಯದೇ ಕಷ್ಟದ ಪ್ರಶ್ನೆ. ಮೂರು ಸಾವಿರ ಜನರ ಊರಿಗೆ ಜಲ ಜೀವನ ಮಿಷನ್ನಿನ ತಲೆಗೆ 55 ಲೀಟರಿನಂತೆ ದಿನಕ್ಕೆ 1.65 ಲಕ್ಷ ಲೀಟರ್ ಬೇಕು. ಕೇಳಲು ದೊಡ್ಡದು, ಹಳ್ಳದಲ್ಲಿ ಸೆಕೆಂಡಿಗೆ ಎರಡು ಲೀಟರ್ ಕೂಡ ಅಲ್ಲ. ಕೈಬೆರಳು ಎರಡು ಜೋಡಿಸಿದಷ್ಟು ದಪ್ಪದ ಧಾರೆ. ಇಷ್ಟು ಸಣ್ಣ ನೀರು ಇದೆಯೋ ಇಲ್ಲವೋ ಎಂದು ಯಾವ ಮೇಜಿನ ಲೆಕ್ಕವೂ ಖಚಿತವಾಗಿ ಹೇಳಲಾರದು. ಅದು ಎಲ್ಲ ಸೂತ್ರಗಳ ತಪ್ಪಿನ ಅಂತರದೊಳಗೇ ಮುಳುಗಿಹೋಗುತ್ತದೆ. ಅವರಿಗೆ ಕಂಡಿಯ ಹಾಳೆ, ಮರೋಳದ ಜೋಡಿ, ಎರಡು ಬೇಸಿಗೆ, ಇದಕ್ಕಿಂತ ಕಡಿಮೆಯದನ್ನು ನಾನು ಹೇಳಲಾರೆ. "ಎರಡು ವರ್ಷ ಕಾಯಿರಿ ಎಂದರೆ ಊರಿನವರು ಒಪ್ಪುತ್ತಾರೆಯೇ ಸರ್?" ಎಂದರು. ಮೊದಲ ಬೇಸಿಗೆಯಲ್ಲಿಯೇ ನೀರು ಎರಡು ಲೀಟರಿಗಿಂತ ಕೆಳಗಿಳಿದರೆ ಎರಡನೆಯ ವರ್ಷ ಕಾಯುವ ಅಗತ್ಯವಿಲ್ಲ, ಆ ಹಣವನ್ನು ಬೇರೆ ಮೂಲಕ್ಕೆ ಹಾಕಿ ಎಂದೆ. ಕಡಿಮೆ ಮಳೆಯ ವರ್ಷದಲ್ಲಿಯೂ ಹತ್ತು ಲೀಟರಿಗಿಂತ ಮೇಲೆ ನಿಂತರೆ ಧೈರ್ಯವಾಗಿ ಮುಂದುವರಿಯಬಹುದು. ಕಾಯಬೇಕಾದದ್ದು ಈ ಎರಡರ ನಡುವೆ ಬಂದಾಗ ಮಾತ್ರ.

ಅವರು ಹಾಳೆ ಮಾಡಿಸಿಕೊಂಡಿದ್ದಾರೆ. ಸ್ವಾತಿ ಮಳೆ ನಿಂತ ಹತ್ತನೆಯ ದಿನ ಮೊದಲ ಅಳತೆ, ಬೆಳಿಗ್ಗೆ ಕರೆಂಟು ಬರುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ. ಶಾಲೆಯ ಎಂಟನೆಯ ತರಗತಿಯ ಮಕ್ಕಳು ಪುಸ್ತಕದಲ್ಲಿ ಬರೆದಿಡಲು ಒಪ್ಪಿದ್ದಾರೆ.